ಉಣ್ಣಲೊಲ್ಲದ ಕೂಸು, ನಿದ್ದೆಗೆಟ್ಟ ಮನೆ

"ಏನ್ ಕೊಟ್ರೂ ಉಗೀತಾನೆ, ರಾತ್ರಿಯೆಲ್ಲ ಎದ್ದೆದ್ದು ಅಳ್ತಾನೆ." ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯಲ್ಲಿ ಒಂದೂವರೆ, ಎರಡು ವರ್ಷದ ಮಗುವಿರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಅಜ್ಜಿಯ ಉತ್ತರವೂ ಸಿದ್ಧವಾಗಿರುತ್ತದೆ: "ದೃಷ್ಟಿ ಆಗೈತೆ ಕಣವ್ವ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕು." ದೇವಿ ಕೆಂಚಮ್ಮನಿಗೆ ಹರಕೆ ಹೊರುವವರೂ ಉಂಟು. ಅದರಿಂದ ಕೂಸಿಗೆ ಕೇಡೇನಿಲ್ಲ, ನಿದ್ದೆಗೆಟ್ಟ ತಾಯಿಗೆ ಒಂದಿಷ್ಟು ಧೈರ್ಯವೂ ಬರುತ್ತದೆ. ಆದರೆ ಊಟ, ನಿದ್ದೆ ಎರಡೂ ಒಟ್ಟಿಗೆ ಕೆಟ್ಟಿದ್ದರೆ ಮೊದಲು ನೋಡಬೇಕಾದ್ದು ಆ ಮಗುವಿನ ಹಗಲು ಹೇಗೆ ಕಳೆಯುತ್ತಿದೆ ಎಂಬುದನ್ನು.

ಹುಟ್ಟುವಾಗ ಮೂರು ಕೆ.ಜಿ. ಇದ್ದ ಮಗು ವರ್ಷ ತುಂಬುವಷ್ಟರಲ್ಲಿ ಒಂಬತ್ತು ಕೆ.ಜಿ. ಆಸುಪಾಸಿಗೆ ಬರುತ್ತದೆ. ಎರಡನೇ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಇದು ರೋಗವಲ್ಲ. ಇಂದು ಎರಡು ತುತ್ತಿಗೆ ಬಾಯಿ ಮುಚ್ಚಿದ ಮಗು ನಾಳೆ ಬಟ್ಟಲು ಖಾಲಿ ಮಾಡೀತು. ಅದರ ಊಟದ ಲೆಕ್ಕವನ್ನು ಹೊತ್ತಿಗೆ ಹಾಕದೆ ವಾರಕ್ಕೆ ಹಾಕಿದರೆ ಅರ್ಧ ಚಿಂತೆ ಕಳೆಯುತ್ತದೆ.

ಉಳಿದರ್ಧದಲ್ಲಿ ನಮ್ಮ ಸೀಮೆಯ ಕಾಫಿಗೂ ಪಾಲಿದೆ. ಸಂಜೆ ತೋಟದಿಂದ ಬಂದವರು ಒಲೆ ಮುಂದೆ ಕೂತು ಬೆಲ್ಲದ ಕಾಫಿಯ ಲೋಟ ಹಿಡಿದಾಗ ಮಡಿಲಿನ ಕೂಸು ಕೈ ಚಾಚುತ್ತದೆ. ಒಂದು ಗುಟುಕಿಗೆ ಏನಾದೀತು ಎಂದು ತಟ್ಟೆಗೆ ಸುರಿದು, ಊದಿ ಆರಿಸಿ, ಬಿಸ್ಕತ್ತು ಅದ್ದಿ ತಿನ್ನಿಸುತ್ತೇವೆ. ಕಾಫಿಯ ಕೆಫೀನು ದೊಡ್ಡವರ ಮೈಯಲ್ಲೇ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಹತ್ತು ಕೆ.ಜಿ.ಯ ಮೈಯಲ್ಲಿ ಅದು ನಿದ್ದೆ ಕೆಡಿಸದೆ ಬಿಟ್ಟೀತೆ? ಬಿಸ್ಕತ್ತಿನಿಂದ ಹೊಟ್ಟೆ ತುಂಬಿರುವುದರಿಂದ ಎಂಟು ಗಂಟೆಯ ಅನ್ನ ಬೇಡವಾಗುತ್ತದೆ.

ಇದಕ್ಕಿಂತ ದೊಡ್ಡ ಹಾನಿ ಕಣ್ಣಿಗೆ ಕಾಣದ್ದು. ಊಟದ ಜೊತೆ ಕಾಫಿ, ಟೀ ಕುಡಿದರೆ ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವು ಕುಗ್ಗುತ್ತದೆ, ರಾತ್ರಿ ಕಾಲು ಝಾಡಿಸುತ್ತ ಹೊರಳಾಡುತ್ತದೆ. ಉಣ್ಣದಿದ್ದರೆ ಕಬ್ಬಿಣ ಇನ್ನಷ್ಟು ಇಳಿಯುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆರಡು ಸಲ ಒಂದೊಂದು ಮಿಲಿ ಲೀಟರ್ ಕಬ್ಬಿಣದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬೇಕು. ಫೆಬ್ರುವರಿ, ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ತಪ್ಪಿಸಬಾರದು. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಪುಡಿ ಮಾಡಿ ನೀರಿನಲ್ಲಿ ಕಲಸಿ. ರಾತ್ರಿ ಹೊತ್ತು ಗುದದ ಬಳಿ ಕೆರೆದುಕೊಂಡು ಅಳುವ ಮಗುವಿಗೆ ಹುಳುವೇ ಕಾರಣವಿರಬಹುದು. ಹಾಲು ಒಳ್ಳೆಯದು, ಆದರೆ ವರ್ಷ ದಾಟಿದ ಮೇಲೆ ದಿನಕ್ಕೆ ಅರ್ಧ ಲೀಟರ್ ಮೀರಿದರೆ ಅದೂ ಹಸಿವನ್ನು ನುಂಗುತ್ತದೆ, ರಕ್ತಹೀನತೆಗೂ ದಾರಿಯಾಗುತ್ತದೆ.

ಮಗುವಿಗೆ ತನ್ನ ಹೊಟ್ಟೆಯ ಅಳತೆ ಗೊತ್ತೇ? ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ 1920ರ ದಶಕದಲ್ಲಿ ಇದನ್ನೇ ಪರೀಕ್ಷಿಸಲು ಹೊರಟರು. ಆಗಷ್ಟೇ ಮೊಲೆ ಬಿಟ್ಟ ಮಕ್ಕಳ ಮುಂದೆ ಬೇಯಿಸಿದ ಧಾನ್ಯ, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ ಇಟ್ಟು, ಯಾರೂ ಒತ್ತಾಯಿಸದೆ, ಹೊಗಳದೆ, ಬೈಯದೆ ತಿನ್ನಲು ಬಿಟ್ಟರು. 1939ರಲ್ಲಿ ಅವರು ವರದಿ ಮಾಡಿದ್ದು ಹದಿನೈದು ಮಕ್ಕಳ ಬಗ್ಗೆ. ಒಂದೊಂದು ಮಗುವಿನ ಆಯ್ಕೆ ಒಂದೊಂದು ಥರ, ಕೆಲವು ವಿಚಿತ್ರ ಕೂಡ. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ಮೂಳೆ ಮೆದುವಾಗುವ ರಿಕೆಟ್ಸ್ ಇದ್ದ ಒಂದು ಮಗು ಮೀನೆಣ್ಣೆಯನ್ನು ತಾನೇ ಕುಡಿದು ಗುಣವಾಯಿತು. ಗುಟ್ಟು ಇದ್ದದ್ದು ಮುಂದಿಟ್ಟ ಆಹಾರದ ಪಟ್ಟಿಯಲ್ಲಿ ಎಂದು ಡೇವಿಸ್ ಅವರೇ ಹೇಳಿದ್ದಾರೆ: ಅಲ್ಲಿ ಸಕ್ಕರೆಯೂ ಇರಲಿಲ್ಲ, ಮಿಲ್ಲಿನ ಬಿಳಿ ಹಿಟ್ಟಿನ ತಿಂಡಿಯೂ ಇರಲಿಲ್ಲ. ನನಗೆ ಈ ಮಾತು ಬಹಳ ಮುಖ್ಯವೆನಿಸುತ್ತದೆ. ಅಂಗಡಿಯ ಐದು ರೂಪಾಯಿಯ ಪಾಕೀಟು ಮನೆಯೊಳಗಿರುವಷ್ಟು ದಿನ ಮಗುವಿನ ಆಯ್ಕೆಯನ್ನು ನಂಬಲಾಗದು. ಅದನ್ನು ಹೊರಗಿಟ್ಟು ಮೆತ್ತಗಿನ ಅನ್ನ-ಬೇಳೆ, ತುಪ್ಪ ಸವರಿದ ಅಕ್ಕಿರೊಟ್ಟಿಯ ಚೂರು, ರಾಗಿ ಗಂಜಿ, ಬೆಂದ ಮೊಟ್ಟೆ, ಬಾಳೆಹಣ್ಣು ಮುಂದಿಟ್ಟರೆ ಎಷ್ಟು ಉಣ್ಣಬೇಕೆಂಬುದನ್ನು ಅದಕ್ಕೇ ಬಿಡಬಹುದು. ಮೊಬೈಲ್ ತೋರಿಸಿ ತುರುಕಿದ ತುತ್ತಿನಿಂದ ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯುವುದಿಲ್ಲ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ.

ಬೇರೆ ಊರುಗಳಲ್ಲಿ ಗುಮ್ಮ ಬರುತ್ತದೆ ಎಂದು ಹೆದರಿಸಿ ಉಣ್ಣಿಸುತ್ತಾರೆ. ಆಲೂರು, ಸಕಲೇಶಪುರದ ಕಡೆ "ಉಣ್ಣು, ಇಲ್ದಿದ್ರೆ ಆನೆ ಬರುತ್ತೆ" ಎಂದರೆ ಅದು ಕಥೆಯಲ್ಲ. ಗದ್ದೆಗೆ ಆನೆ ಇಳಿದ ರಾತ್ರಿ ಪಟಾಕಿ, ಕೂಗು, ಟಾರ್ಚು, ನಾಯಿಗಳ ಬೊಗಳು, ಬಾಗಿಲ ಹಿಂದೆ ಉಸಿರು ಬಿಗಿಹಿಡಿದ ಅಪ್ಪ ಅಮ್ಮ, ಇವನ್ನೆಲ್ಲ ಮಗು ಕಂಡಿರುತ್ತದೆ. ಹಗಲಿನಲ್ಲಿ ಆ ಹೆಸರು ಹೇಳಿ ಎರಡು ತುತ್ತು ಹೆಚ್ಚು ಉಣ್ಣಿಸಿದರೆ, ರಾತ್ರಿ ಅದು ಬೆಚ್ಚಿ ಎದ್ದಾಗ ಸಮಾಧಾನಕ್ಕೆ ನಮ್ಮ ಬಳಿ ಮಾತೇ ಇರುವುದಿಲ್ಲ. ಆ ಬೆದರಿಕೆಯನ್ನು ಇವತ್ತೇ ನಿಲ್ಲಿಸಬೇಕು. ಆನೆ ಬಂದ ರಾತ್ರಿ ಮನೆಯವರೊಬ್ಬರು ಕೂಸನ್ನು ಎದೆಗೊತ್ತಿಕೊಂಡು ಒಳಕೋಣೆಯಲ್ಲಿ ಕೂರಲಿ.

ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಏಳೂವರೆಗೆ ಊಟ, ಬಿಸಿನೀರಿನಲ್ಲಿ ಕೈಕಾಲು ತೊಳೆದು, ದೀಪ ತಗ್ಗಿಸಿ, ದಿನವೂ ಅದೇ ಲಾಲಿ, ಅದೇ ಹಾಸಿಗೆ. ವಾರವೆರಡು ವಾರ ಬಿಡದೆ ನಡೆಸಿದರೆ ಮಗು ಆ ಕ್ರಮಕ್ಕೆ ಒಗ್ಗುತ್ತದೆ. ಬೇರೆ ಕೋಣೆಯಲ್ಲಿ ಅಳಲು ಬಿಟ್ಟು ಮಲಗಿಸುವ ಪಾಶ್ಚಾತ್ಯ ಪದ್ಧತಿ ನಮಗೆ ಬೇಕಿಲ್ಲ, ಈ ವಯಸ್ಸಿನ ಮಗು ಅಮ್ಮನ ಮಗ್ಗುಲಲ್ಲೇ ಮಲಗಲಿ. ಆದರೆ ತಾಯಿ ಕಾರ್ಡಿನ ತೂಕದ ಗೆರೆ ಇಳಿಯುತ್ತಿದ್ದರೆ, ಕಣ್ಣು ನಾಲಿಗೆ ಬಿಳಿಚಿದ್ದರೆ, ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾದರೆ ಕಾಯಬಾರದು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಹಾಸನದ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಲೇಬೇಕು.

ಇಷ್ಟೆಲ್ಲ ಹೇಳಿದರೂ, ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಹೊರಟು ಸಂಜೆ ಮರಳುವ ಕೂಲಿ ತಾಯಿ ಯಾವ ಹೊತ್ತಿಗೆ ಉಣ್ಣಿಸಿಯಾಳು, ಯಾವ ನೆರಳಿನಲ್ಲಿ ಮಲಗಿಸಿಯಾಳು? 50 ಹೆಣ್ಣಾಳುಗಳು ಅಥವಾ ಅವರ 20 ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಲೇಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ವಿಧಿಸಿತ್ತು. ಸಣ್ಣ ತೋಟಗಳಿಗೆ ಅದು ತಟ್ಟಲಿಲ್ಲ. ಅಂಗನವಾಡಿಯಲ್ಲಿ ದಿನವಿಡೀ ಕೂರುವುದು ಮೂರು ದಾಟಿದ ಮಕ್ಕಳು. ನರೇಗಾ ಕೂಲಿ ತಾಯಂದಿರ ಪುಟ್ಟ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಯೋಜನೆ ಘೋಷಿಸಿತು. ನವೆಂಬರಿನಿಂದ ಮಾರ್ಚ್‌ವರೆಗೆ ಅದು ಕಾಫಿ ಕುಯ್ಯುವ ತಾಯಂದಿರ ಮಕ್ಕಳಿಗೂ, ತೋಟದ ಕೆಲಸದ ಹೊತ್ತಿಗೆ ಸರಿಯಾಗಿ ತೆರೆದಿರಬೇಕು. ಹೋಬಳಿಯ ಪಂಚಾಯಿತಿಗಳು ಇದನ್ನು ಕುಯ್ಲಿಗೆ ಮೊದಲೇ ಸಭೆಯಲ್ಲಿಟ್ಟು ತೀರ್ಮಾನಿಸಲಿ.