ಸಮುದ್ರಕ್ಕೆ ಹರಿದ ನೀರು ವ್ಯರ್ಥವೇ?

ನಮ್ಮ ಸೀಮೆಯವರಿಗೆ ಸಮುದ್ರವೆಂಬುದು ಬಹುಮಟ್ಟಿಗೆ ಪುಸ್ತಕದ ವಸ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ನಿಂತು ನೋಡಿದರೂ ಕಾಣುವುದು ಬಂಡೆಯ ಬೆಟ್ಟ, ಕೆಂಪು ಹೊಲ, ಮತ್ತು ದೈವಕೃಪೆಯಿದ್ದರೆ ನೀರು ನಿಂತ ಕೆರೆ. ಹಿರಿಯರು ದೊಡ್ಡ ಕೆರೆಗೇ ಸಮುದ್ರವೆಂದು ಹೆಸರಿಟ್ಟು ತೃಪ್ತರಾದರು. ಶಿಡ್ಲಘಟ್ಟ ತಾಲ್ಲೂಕಿನ ರಾಮಸಮುದ್ರವೇ ಇದಕ್ಕೆ ಸಾಕ್ಷಿ. ಹೀಗಿರುವಲ್ಲಿ ಕಡಲಿನ ಚಿಂತೆ ನಮಗೇತಕ್ಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನಾವು ಕುಡಿಯಬೇಕೆಂದು ಬಯಸುತ್ತಿರುವ ನೀರು ಈಗ ಕಡಲಿನ ಪಾಲಿನದು. ಆದುದರಿಂದ ಈ ಚಿಂತೆ ನಮ್ಮದೂ ಆಯಿತು.

ಮೊದಲು ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಉಪಾಧ್ಯಾಯ ವೃತ್ತಿಯಲ್ಲಿದ್ದಾಗ ಭೂಗೋಳದ ಪಾಠದಲ್ಲಿ ನಾವು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಒಂದು ವಾಕ್ಯವನ್ನು ಬರೆಯುತ್ತಿದ್ದೆವು: “ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಸಮುದ್ರವನ್ನು ಸೇರುತ್ತದೆ.” ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಅವರಲ್ಲಿ ಅನೇಕರು ಇಂದು ಗೃಹಸ್ಥರು; ಅವರ ಬಾಯಲ್ಲಿ ಆ ವಾಕ್ಯ ಹಾಗೆಯೇ ನಿಂತಿದೆ. ಅದರಲ್ಲಿನ “ವ್ಯರ್ಥ”ವೆಂಬ ಒಂದು ಪದವನ್ನು ಇಂದು ತಿದ್ದಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಕಷ್ಟವೇನೂ ಕಲ್ಪಿತವಲ್ಲ. ಈ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿ ಇಳಿದಿವೆ. ಮೇಲೆ ಬಂದ ನೀರಿನಲ್ಲಿಯೂ ಅನೇಕ ಕಡೆ ಫ್ಲೋರೈಡು ಬೆರೆತು ಹಲ್ಲನ್ನೂ ಮೂಳೆಯನ್ನೂ ಕೆಡಿಸುತ್ತಲಿದೆ. ಹಿಪ್ಪುನೇರಳೆ ತೋಟ ಒಣಗಿದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಸಂತೆ ಬಡವಾಗುವುದು. “ಶಾಶ್ವತ ನೀರಾವರಿ” ಬೇಕೆಂದು ನಮ್ಮ ರೈತರು ವರ್ಷಗಟ್ಟಲೆ ಬೀದಿಗಿಳಿದರೆಂದರೆ ಅದು ಹಟವಲ್ಲ, ಬಾಯಾರಿಕೆ.

ಈ ಬಾಯಾರಿಕೆಗೆ ಪರಿಹಾರವೆಂದು ಸರಕಾರವು ಎತ್ತಿನಹೊಳೆ ಯೋಜನೆಯನ್ನು ಕೈಗೊಂಡಿತು. ಸಕಲೇಶಪುರದ ಕಡೆ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಯನ್ನು ಸೇರುವ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ ಮೊದಲಾದ ತೊರೆಗಳಿಂದ ಮಳೆಗಾಲದಲ್ಲಿ 24.01 ಟಿ.ಎಂ.ಸಿ. ನೀರನ್ನು ಮೇಲೆತ್ತಿ ಪೂರ್ವದ ಬಯಲುಸೀಮೆಗೆ ಕಳುಹುವುದು ಇದರ ಗುರಿ. 2014ರಲ್ಲಿ ಇದಕ್ಕೆ ಶಂಕುಸ್ಥಾಪನೆಯಾದುದು ನಮ್ಮ ಚಿಕ್ಕಬಳ್ಳಾಪುರದಲ್ಲಿಯೇ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ವಿರೋಧದ ಅರ್ಜಿಗಳನ್ನು ತಳ್ಳಿಹಾಕಿತು. 2024ರ ಸೆಪ್ಟೆಂಬರ್ 6ರಂದು, ಗೌರೀಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಆದರೆ ಆ ತೊರೆಗಳಲ್ಲಿ ದೊರೆಯಬಹುದಾದ ನೀರು ಕೇವಲ 9.55 ಟಿ.ಎಂ.ಸಿ. ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಲೆಕ್ಕ ಹಾಕಿರುವುದನ್ನೂ ಮರೆಯಲಾಗದು.

ಇನ್ನು ಕೆಳಗಿನವರ ಮಾತನ್ನು ಕೇಳೋಣ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆವು. ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲನ್ನು ಸೇರುವ ಅಳಿವೆಯ ಬಳಿ ಮೀನು ಮಾರುತ್ತಿದ್ದ ವೃದ್ಧೆಯೊಬ್ಬಳು ನಮ್ಮ ಊರು ಯಾವುದೆಂದು ಕೇಳಿದಳು. ಚಿಕ್ಕಬಳ್ಳಾಪುರವೆಂದು ಹೇಳಿದೊಡನೆ ಅವಳ ಮುಖ ಸ್ವಲ್ಪ ಗಂಭೀರವಾಯಿತು.

“ಹಾಗಾದರೆ ನಮ್ಮ ನೀರು ಬರುವುದು ನಿಮ್ಮ ಊರಿಗೋ, ಮಾಸ್ಟ್ರೇ?”

“ಹೌದಮ್ಮಾ. ನಮ್ಮಲ್ಲಿ ಕುಡಿಯುವುದಕ್ಕೂ ಇಲ್ಲ.”

“ಕುಡಿಯುವ ನೀರಿಗೆ ಬೇಡವೆಂದರೆ ದೇವರು ಮೆಚ್ಚುತ್ತಾನೋ? ಆದರೆ ಹೊಳೆ ಬಾರದಿದ್ದರೆ ಮೀನೂ ಬರುವುದಿಲ್ಲ, ಅದನ್ನೂ ನಿಮ್ಮ ಊರಿನಲ್ಲಿ ಹೇಳಿ.”

ಅವಳ ಮಾತಿನಲ್ಲಿ ಶಾಸ್ತ್ರವಿತ್ತೆಂಬುದು ಆಮೇಲೆ ಓದಿ ತಿಳಿದಾಗ ನಮಗೆ ಮನವರಿಕೆಯಾಯಿತು. ಮಳೆಗಾಲದ ಕೆಂಪು ಪ್ರವಾಹವು ಘಟ್ಟದ ಕಾಡಿನಿಂದ ಎಲೆಗೊಬ್ಬರದ ಸಾರವನ್ನೂ ಖನಿಜಗಳನ್ನೂ ಹೊತ್ತು ತರುತ್ತದೆ. ಅವುಗಳಿಂದ ಕಡಲಿನ ಸೂಕ್ಷ್ಮಸಸ್ಯಗಳು ಬೆಳೆಯುತ್ತವೆ. ಅವನ್ನು ತಿಂದು ಬೂತಾಯಿಯಂತಹ ಮೀನುಗಳು ಕೊಬ್ಬುತ್ತವೆ. ಅವನ್ನು ದೊಡ್ಡ ಮೀನು ತಿನ್ನುತ್ತದೆ. ಸಿಗಡಿಯ ಜಾತಿಗಳಲ್ಲಿ ಹಲವು ಕಡಲಿನಲ್ಲಿ ಮೊಟ್ಟೆಯಿಟ್ಟರೂ ಅವುಗಳ ಮರಿಗಳು ಬೆಳೆಯುವುದು ಸಿಹಿನೀರೂ ಉಪ್ಪುನೀರೂ ಬೆರೆತ ಅಳಿವೆಯಲ್ಲಿ, ಕಾಂಡ್ಲಾ ಗಿಡಗಳ ಬೇರುಗಳ ನಡುವೆ. ಅಳಿವೆಯೆಂದರೆ ಕಡಲಿನ ತೊಟ್ಟಿಲೆಂದರೆ ಅತಿಶಯೋಕ್ತಿಯಲ್ಲ. ನದಿಯು ತರುವ ಮರಳೇ ದಡಕ್ಕೆ ಕಾವಲು. ಅದು ಕಡಮೆಯಾದಲ್ಲಿ ಕಡಲ್ಕೊರೆತ ಹೆಚ್ಚುವುದು. ಉಳ್ಳಾಲದ ತೀರದಲ್ಲಿ ಮನೆಗಳನ್ನೇ ಅಲೆಗಳು ನುಂಗಿದುದನ್ನು ಪತ್ರಿಕೆಗಳಲ್ಲಿ ಓದಿರುವಿರಿ. 2016ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ, ಅಷ್ಟು ಮಳೆಯ ಮಂಗಳೂರೇ ಸರದಿಯಲ್ಲಿ ನೀರು ಹಂಚಿಕೊಳ್ಳಬೇಕಾಯಿತು.

ಅಮರಕೋಶದಲ್ಲಿ ಸಮುದ್ರಕ್ಕೆ ಹೇಳಿದ ಹೆಸರುಗಳಲ್ಲಿ “ಸರಿತ್ಪತಿ” ಎಂಬುದೊಂದು. ನದಿಗಳಿಗೆ ಒಡೆಯನೆಂದು ನಾವು ಅದರ ಅರ್ಥವನ್ನು ಹೇಳಿಕೊಡುತ್ತಿದ್ದೆವು. ಒಡೆಯನಾದರೂ ನದಿಗಳು ತಂದಿತ್ತ ಅನ್ನದಿಂದಲೇ ಅವನ ಮನೆ ನಡೆಯುವುದೆಂದು ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ನಾವು ಬಾಯಾರಿ ಸಾಯಬೇಕೇ? ಅಲ್ಲ. ಕುಡಿಯುವ ನೀರಿನ ಹಕ್ಕು ಎಲ್ಲ ಹಕ್ಕುಗಳಿಗೂ ಮೊದಲಿನದು. ಆದರೆ ನೆರೆಮನೆಯ ಬಾವಿಯಿಂದ ಸೇದುವವನು ಮೊದಲು ತನ್ನ ಬಾವಿಯ ಹೂಳನ್ನು ತೆಗೆದಿರಬೇಕು. ನಮ್ಮ ಕೆರೆಗಳ ಗತಿಯೇನು? ರಾಜಕಾಲುವೆಗಳನ್ನು ಒತ್ತಿ ಮನೆ ಕಟ್ಟಿದವರು ಮಂಗಳೂರಿನವರಲ್ಲ. ಕೆರೆಯಂಗಳದಲ್ಲಿ ನೀಲಗಿರಿ ಬೆಳೆಸಿದವರೂ, ಮರಳನ್ನು ಬಗೆದು ಉತ್ತರಪಿನಾಕಿನಿಯ ಒಡಲನ್ನು ಬರಿದು ಮಾಡಿದವರೂ ನಾವೇ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಈಗ ನಮ್ಮ ಕೆಲವು ಕೆರೆಗಳಿಗೆ ಬರುತ್ತಿದೆ. ಅದನ್ನು ಇನ್ನೂ ಶುದ್ಧಗೊಳಿಸಿ ಕಳುಹಿರೆಂದು ಕೇಳುವುದೂ ನಮ್ಮ ಹಕ್ಕೇ.

ಇನ್ನೊಂದು ಮಾತು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರಪಿನಾಕಿನಿಯು ಗೌರಿಬಿದನೂರನ್ನು ದಾಟಿ ಆಂಧ್ರದಲ್ಲಿ ಹರಿದು ನೆಲ್ಲೂರಿನ ಬಳಿ ಕಡಲನ್ನು ಸೇರುತ್ತದೆ. ದಕ್ಷಿಣಪಿನಾಕಿನಿಯು ತಮಿಳುನಾಡಿನ ಕಡಲೂರಿನ ಬಳಿ. ನಾವು ಮೋರಿಗೆ ಎಸೆದ ಪ್ಲಾಸ್ಟಿಕ್ಕು ಒಂದು ಒಳ್ಳೆಯ ಮಳೆಗೆ ಹೊರಟರೆ ಅದರ ಯಾತ್ರೆ ಮುಗಿಯುವುದು ಯಾರೋ ಬೆಸ್ತನ ಬಲೆಯಲ್ಲಿ. ನಮ್ಮ ಬೆಟ್ಟಕ್ಕೂ ಎರಡು ಕಡಲತೀರಗಳಿಗೂ ನೆಂಟಸ್ತಿಕೆ ಮೊದಲಿನಿಂದಲೂ ಇದೆ; ಈಗ ಮೂರನೆಯದು ಕೂಡಿತು.

ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮನೆಯ ಮಾಳಿಗೆಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿಯಿರಿ. ತೊಳೆದ ನೀರನ್ನು ಹಿತ್ತಲ ಗಿಡಕ್ಕೆ ಬಿಡಿರಿ. ಊರ ಕೆರೆಯ ಕೋಡಿ ಬಿದ್ದ ದಿನ ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಘಟ್ಟದ ನೀರು ನಲ್ಲಿಯಲ್ಲಿ ಬಂದ ದಿನ ಮೊದಲ ಲೋಟವನ್ನು ಕುಡಿಯುವಾಗ, ಇದು ಯಾರದೋ ಮೀನಿನ ಅನ್ನದಲ್ಲಿ ಒಂದು ಪಾಲೆಂದು ಮಕ್ಕಳಿಗೆ ಹೇಳಿರಿ. ನಮ್ಮ ಹಳೆಯ ಶಿಷ್ಯರಲ್ಲಿ ಯಾರಾದರೂ ಇದನ್ನು ಓದಿದರೆ, ಆ ಹಳೆಯ ವಾಕ್ಯದಿಂದ “ವ್ಯರ್ಥವಾಗಿ” ಎಂಬುದನ್ನು ದಯಮಾಡಿ ಹೊಡೆದುಹಾಕಲಿ. ಅದು ಮೇಷ್ಟರ ತಪ್ಪು, ಹುಡುಗರದಲ್ಲ.