ಅಂಕೋಲೆಯಿಂದ ಬೆಂಗಳೂರಿಗೆ ಎಷ್ಟು ಹೊತ್ತು?

ಕಾರವಾರದಿಂದ ಅಂಕೋಲೆಗೆ ಹೆದ್ದಾರಿಯಲ್ಲಿ 30 ಕಿಲೋಮೀಟರಿಗೂ ಮಿಗಿಲು. ಹಾರುವ ಹಕ್ಕಿಗೆ ಸುಮಾರು 25. ನೆಲದ ದಾರಿ ಬಳಸುವುದಷ್ಟೇ ಅಲ್ಲ, ಒಮ್ಮೊಮ್ಮೆ ಮುಚ್ಚಿಯೂ ಹೋಗುತ್ತದೆ. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳನ್ನು ಬಲಿಗೊಂಡು ಹೆದ್ದಾರಿಯನ್ನು ತಡೆದುದು ಇದಕ್ಕೆ ಸಾಕ್ಷಿ. ಆಕಾಶದ ದಾರಿಯ ಬೆಲೆ ಅಂತಹ ವೇಳೆಯಲ್ಲಿ ತಿಳಿಯುತ್ತದೆ.

ಅಂಕೋಲೆಯ ಬಳಿಯ ಅಲಗೇರಿಯಲ್ಲಿ ನಾಗರಿಕ ವಿಮಾನಗಳಿಗೂ ಎಡೆಗೊಡುವ ನಿಲ್ದಾಣದ ಯೋಜನೆಯೊಂದಿದೆ. ಅಲ್ಲಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 400 ಕಿಲೋಮೀಟರು. ಗಂಟೆಗೆ 500 ಕಿಲೋಮೀಟರು ವೇಗದ ವಿಮಾನಕ್ಕೆ, ಏರುವ ಇಳಿಯುವ ಹೊತ್ತನ್ನು ಬಿಟ್ಟರೆ, 48 ನಿಮಿಷ ಸಾಕು.

ಆದರೆ ವಿಮಾನವು ತೇಲುವುದು ಚಲಿಸುವ ಗಾಳಿಯಲ್ಲಿ. ಮಳೆಗಾಲದ ಪಡುವಣ ಗಾಳಿಯು ದಾರಿಗುಂಟ ಗಂಟೆಗೆ 50 ಕಿಲೋಮೀಟರಿನಂತೆ ಬೀಸುತ್ತಿದೆಯೆಂದು ಭಾವಿಸೋಣ. ಹೋಗುವಾಗ ನೆಲದ ಮೇಲಿನ ವೇಗ 550. ಸುಮಾರು 44 ನಿಮಿಷ. ಮರಳುವಾಗ 450, ಸುಮಾರು 53 ನಿಮಿಷ. ಉಳಿದುದು ನಾಲ್ಕು, ಕಳೆದುದು ಐದು! ಗಾಳಿ ಒಂದೇ ಆದರೂ ಲೆಕ್ಕ ಸರಿಹೋಗದೇಕೆ? ಎದುರುಗಾಳಿಯಲ್ಲಿ ನಾವು ಹೆಚ್ಚು ಹೊತ್ತು ಇರಬೇಕಾಗುವುದರಿಂದ.

ದೂರವನ್ನು ಭೂಪಟ ಹೇಳೀತು. ಹೊತ್ತನ್ನು ಹೇಳಬೇಕಾದುದು ಗಾಳಿ. ಆದುದರಿಂದಲೇ ಇಂಧನ ತುಂಬುವ ಮುನ್ನ ವೈಮಾನಿಕನು ಹವಾಮಾನ ವರದಿಯನ್ನು ನೋಡುತ್ತಾನೆ.