ಸಂಘದ ಲೆಕ್ಕ ಬರೆದದ್ದು ಅನುಭವ ಅಲ್ಲವೇ?

ದಾವಣಗೆರೆ: ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಿಗೆ ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ಕಡಿಮೆಯಿಲ್ಲ. ಡಿಗ್ರಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಹರಿಹರದಿಂದ ಬೆಳಗಿನ ಬಸ್ಸು ಹತ್ತಿ ಬಂದವರು. ಗಲ್ಲಾದ ಮುಂದೆ ಕೂತ ಸಾಹುಕಾರರು ಕೇಳುವ ಪ್ರಶ್ನೆ ಮಾತ್ರ ಒಂದೇ.

“ಎಕ್ಸ್‌ಪೀರಿಯನ್ಸ್ ಐತೇನಪ್ಪಾ?”

“ಇಲ್ಲ ಸಾರ್.”

“ಹಂಗಾರೆ ಫೋನ್ ನಂಬರ್ ಕೊಟ್ಟು ಹೋಗು, ಹೇಳಿ ಕಳಿಸ್ತೀವಿ.”

ಹೇಳಿ ಕಳಿಸುವ ದಿನ ಬರುವುದಿಲ್ಲ ಅನ್ನೋದು ಇಬ್ಬರಿಗೂ ಗೊತ್ತು.

ಆದರೆ ಹೀಗೆ “ಇಲ್ಲ” ಅಂದವರಲ್ಲಿ ತಮ್ಮ ಬೀದಿಯ ಗಣಪತಿಯನ್ನು ಎರಡು ಮೂರು ವರ್ಷ ತಾವೇ ಮುಂದೆ ನಿಂತು ಮಾಡಿದವರು ಇರುತ್ತಾರೆ. ಚಂದಾ ರಸೀದಿ ಹರಿದವರು, ಶಾಮಿಯಾನದವರ ಹತ್ತಿರ ಚೌಕಾಸಿ ಮಾಡಿದವರು, ಪೊಲೀಸರ ಪರವಾನಗಿಗೆ, ಬೆಸ್ಕಾಂನ ತಾತ್ಕಾಲಿಕ ಕರೆಂಟಿಗೆ ಅಲೆದವರು, ಗಣಪತಿ ಬಿಟ್ಟ ಮೇಲೆ ಬೀದಿಯವರ ಮುಂದೆ ಲೆಕ್ಕ ಒಪ್ಪಿಸಿದವರು. ಇಷ್ಟೆಲ್ಲ ಮಾಡಿದವನ ಬಯೋಡಾಟಾದಲ್ಲಿ ಏನಿದೆ? “ಹಾಬೀಸ್: ಕ್ರಿಕೆಟ್ ಆಡುವುದು, ಹಾಡು ಕೇಳುವುದು.” ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಟೈಪಾಗಿ ಕೂತಿರುವ ಸಾಲು ಅದು. ಹೆಸರು ಬದಲಾಗುತ್ತೆ, ಹಾಬಿ ಬದಲಾಗಲ್ಲ.

ಅಮ್ಮನ ಸಂಘ, ಮಗಳ ಲೆಕ್ಕ

ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಕೈ ಮೇಲು. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾಯಿತು. ಇಂಥ ಸಂಘಗಳಲ್ಲಿ ಓದು ಬರಹ ಕಡಿಮೆ ಇರುವ ತಾಯಂದಿರು ಇದ್ದ ಕಡೆ ಪುಸ್ತಕ ಬರೆಯುವ ಕೆಲಸ ಓದಿದ ಮಗಳ ಪಾಲಿಗೆ ಬರುತ್ತದೆ. ವಾರದ ಉಳಿತಾಯ ಎಷ್ಟು, ಯಾರಿಗೆ ಎಷ್ಟು ಸಾಲ, ಬಡ್ಡಿ ಎಷ್ಟಾಯಿತು, ಬಾಕಿ ಯಾರದು, ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ಆಗುತ್ತೋ ಇಲ್ಲವೋ, ಎಲ್ಲಾ ಅವಳೇ ನೋಡಬೇಕು. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಹೆಂಗಸರು ಸುಮ್ಮನೆ ಬಿಡುವುದಿಲ್ಲ.

ಅದೇ ಮಗಳು ಫೈನಾನ್ಸ್ ಆಫೀಸಿಗೆ ಕೆಲಸಕ್ಕೆ ಹೋಗಿ, “ಅನುಭವ ಇಲ್ಲ ಮೇಡಂ” ಅಂದು ತಲೆ ತಗ್ಗಿಸಿ ವಾಪಸ್ ಬರುತ್ತಾಳೆ. ಫೈನಾನ್ಸಿನವರು ಮಾಡುವ ಕೆಲಸ ಮತ್ತೇನು?

ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ

ಸೇವೆ ಮಾಡಿದ್ದು ಎಲ್ಲ ಕಡೆ ಒಂದೇ ತೂಕಕ್ಕೆ ಬರುವುದಿಲ್ಲ. ಎಫ್‌ಡಿಎ, ಎಸ್‌ಡಿಎಯಂಥ ಸರ್ಕಾರಿ ಹುದ್ದೆಗಳಿಗೆ ಆಯ್ಕೆ ನಡೆಯುವುದು ಸ್ಪರ್ಧಾತ್ಮಕ ಪರೀಕ್ಷೆಯ ಅಂಕ ಮತ್ತು ಮೀಸಲಾತಿಯ ಮೇಲೆ. ಅಲ್ಲಿ ಎನ್‌ಎಸ್‌ಎಸ್ ಸರ್ಟಿಫಿಕೇಟ್ ಹಿಡಿದು ನಿಂತರೆ ಅರ್ಧ ಅಂಕವೂ ಹೆಚ್ಚಾಗದು.

ಕಾಗದಕ್ಕೇ ಬೆಲೆ ಇರುವ ಜಾಗಗಳೂ ಇವೆ. ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ‘ಬಿ’ ಗ್ರೇಡ್, ಪದವಿಯಲ್ಲಿ ಶೇ. 50 ಅಂಕ ಇದ್ದವರು ಸೇನೆಯ ಅಧಿಕಾರಿ ಹುದ್ದೆಗೆ ವಿಶೇಷ ಪ್ರವೇಶದಡಿ ಅರ್ಜಿ ಹಾಕಬಹುದು. ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಇರುವುದಿಲ್ಲ. ಅರ್ಜಿ ಆಯ್ಕೆಯಾದರೆ ಎಸ್‌ಎಸ್‌ಬಿ ಸಂದರ್ಶನಕ್ಕೇ ಕರೆ. ರೈಲ್ವೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ರಾಷ್ಟ್ರಪತಿ ಸ್ಕೌಟ್, ಗೈಡ್ ಪ್ರಶಸ್ತಿ ಪಡೆದವರು ನೈರುತ್ಯ ರೈಲ್ವೆಯ ಹುಬ್ಬಳ್ಳಿ ಕಚೇರಿಯ ಪ್ರಕಟಣೆಗಳ ಮೇಲೆ ಕಣ್ಣಿಡಬೇಕು.

ಉಳಿದದ್ದು ಅಂಗಡಿ, ಶೋರೂಮ್, ಆಸ್ಪತ್ರೆ ಕೌಂಟರ್, ಖಾಸಗಿ ಶಾಲೆ, ಟ್ರಾನ್ಸ್‌ಪೋರ್ಟ್ ಆಫೀಸು. ಅಲ್ಲಿ ನಿಯಮವೂ ಇಲ್ಲ, ಕೋಟಾವೂ ಇಲ್ಲ. ಎದುರು ಕೂತವರಿಗೆ ನಂಬಿಕೆ ಬರಬೇಕು, ಅಷ್ಟೆ. ಬಾಯಿ ಬಿಟ್ಟು ಹೇಳಬೇಕಾದದ್ದು ಇಲ್ಲೇ.

ಬರೆಯೋದು ಹೇಗೆ?

“ಎನ್‌ಎಸ್‌ಎಸ್ ಸ್ವಯಂಸೇವಕ” ಎಂದು ಒಂದೇ ಸಾಲು ಬರೆದರೆ ಓದುವವರಿಗೆ ಏನೂ ತಿಳಿಯದು. 1969ರಲ್ಲಿ ಗಾಂಧಿ ಶತಮಾನೋತ್ಸವದ ವೇಳೆ ಆರಂಭವಾದ ಈ ಯೋಜನೆಯ ಲೆಕ್ಕದಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು. ದಿನಕ್ಕೆ ಎಂಟು ಗಂಟೆ ಹಿಡಿದರೆ ಬರೋಬ್ಬರಿ 30 ದಿನದ ದುಡಿಮೆ. ಜತೆಗೆ ಹಳ್ಳಿಯಲ್ಲಿ ಏಳು ದಿನದ ಶಿಬಿರ. ಶಿಬಿರದಲ್ಲಿ ಅಡುಗೆ ಸಾಮಾನಿನ ಉಸ್ತುವಾರಿ ನೋಡಿದ್ದರೆ ಎಷ್ಟು ಮಂದಿಗೆ, ಎಷ್ಟು ದುಡ್ಡಿನಲ್ಲಿ ಎಂದು ಬರೆಯಿರಿ. ಕಿರಾಣಿ ಸಾಹುಕಾರರಿಗೆ ಆ ಸಾಲು ತಟ್ಟನೆ ಅರ್ಥವಾಗುತ್ತದೆ.

ರಕ್ತದಾನ ಶಿಬಿರಕ್ಕೆ ಓಡಾಡಿದವರ ಕಥೆಯೂ ಅದೇ. ದಾನಿಗೆ 18 ತುಂಬಿದೆಯೇ, ತೂಕ 45 ಕೆ.ಜಿ. ದಾಟಿದೆಯೇ, ಹಿಂದೆ ಕೊಟ್ಟು ಗಂಡಸರಾದರೆ 90 ದಿನ, ಹೆಂಗಸರಾದರೆ 120 ದಿನ ಆಗಿದೆಯೇ ಎಂದು ಪಟ್ಟಿ ಇಟ್ಟು, ಫೋನ್ ಮಾಡಿ, ಹೆದರಿದವರಿಗೆ ಧೈರ್ಯ ಹೇಳಿ ಕರೆತಂದವರಿಗೆ ಆಸ್ಪತ್ರೆಯ ಕೌಂಟರ್ ಕೆಲಸ ಹೊಸದೇನಲ್ಲ. ದುಗ್ಗಮ್ಮನ ಜಾತ್ರೆಯಲ್ಲಿ ಸಾಲು ನಿಲ್ಲಿಸಿದವರಿಗೆ ಹಬ್ಬದ ದಿನದ ಬಟ್ಟೆ ಅಂಗಡಿ ಗಿರಾಕಿ ಯಾವ ಲೆಕ್ಕ?

ಇಷ್ಟು ನೆನಪಿಟ್ಟರೆ ಸಾಕು: ಏನು ಮಾಡಿದ್ದು, ಎಷ್ಟು ದಿನ, ಕೈಯಲ್ಲಿ ಎಷ್ಟು ದುಡ್ಡು ಓಡಾಡಿತು, ಕೇಳಿದರೆ ಹೌದು ಅನ್ನುವವರು ಯಾರು. ಹೋಗುವ ಕೆಲಸಕ್ಕೆ ಹೊಂದುವುದನ್ನು ಮೇಲೆ ಬರೆಯಿರಿ, ಹೊಂದದ್ದನ್ನು ಬಿಡಿ. ಪಕ್ಷದ ಬಾವುಟ, ನಾಯಕರ ಜತೆಗಿನ ಫೋಟೋ ಮನೆಯಲ್ಲೇ ಇರಲಿ.

ಸುಳ್ಳು ಮಾತ್ರ ಬೇಡ

ಗಣಪತಿ ಚಂದಾ ಲೆಕ್ಕ ಬರೆದವರು “ಅಕೌಂಟೆಂಟ್, ಮೂರು ವರ್ಷ” ಎಂದು ಬರೆದರೆ ಕೆಟ್ಟಿತು. “ಟ್ಯಾಲಿಯಲ್ಲಿ ಎಂಟ್ರಿ ಹಾಕಿದೀಯಾ?” ಅನ್ನುವ ಒಂದೇ ಪ್ರಶ್ನೆಗೆ ಬಣ್ಣ ಬಯಲು. ಆಮೇಲೆ ನಿಜ ಹೇಳಿದರೂ ನಂಬುವವರಿಲ್ಲ. “ಸೇವಾ ಕೆಲಸ” ಅಂತಲೇ ತಲೆಬರಹ ಕೊಟ್ಟು ಇದ್ದದ್ದು ಇದ್ದ ಹಾಗೆ ಬರೆಯುವುದು ಕ್ಷೇಮ. ಸಂಬಳ ಪಡೆದ ಕೆಲಸ ಬೇರೆ, ಸೇವೆ ಬೇರೆ.

ಸಾಹುಕಾರರಿಗೂ ಒಂದು ಮಾತು

“ಎಕ್ಸ್‌ಪೀರಿಯನ್ಸ್ ಐತೇನಪ್ಪಾ” ಬದಲು “ನಿಮ್ಮ ಓಣೀಲಿ ಏನೇನು ಓಡಾಡಿದೀಯಪ್ಪಾ” ಎಂದು ಕೇಳಿ ನೋಡಿ. ತಲೆ ತಗ್ಗಿಸಿ ನಿಂತ ಹುಡುಗ ಬಾಯಿ ಬಿಡುತ್ತಾನೆ. ಹತ್ತಾರು ಜನರ ದುಡ್ಡು ಮುಟ್ಟಿಯೂ ಹೆಸರು ಕೆಡಿಸಿಕೊಳ್ಳದವನು ಗಲ್ಲಾದ ಹತ್ತಿರ ಬೇಕೋ ಬೇಡವೋ, ನೀವೇ ಹೇಳಿ.

ಆದರೆ ಸೇವೆ ಮಾಡಿ ರೂಢಿ ಇದೆಯಲ್ಲ ಎಂದು, “ಆರು ತಿಂಗಳು ಸುಮ್ನೆ ಬಾ, ಅನುಭವ ಆಗ್ತೈತಿ, ಸಂಬಳ ಆಮೇಲೆ ನೋಡಾನ” ಅನ್ನುವವರೂ ಪೇಟೆಯಲ್ಲಿದ್ದಾರೆ. ಊರಿನ ಕೆಲಸಕ್ಕೆ ಬಿಟ್ಟಿ ದುಡಿದರೆ ಸೇವೆ. ಲಾಭದ ಅಂಗಡಿಯಲ್ಲಿ ಬಿಟ್ಟಿ ದುಡಿದರೆ ಚಾಕರಿ. ಹುಡುಗರು ಇದನ್ನು ಗುರುತಿಸಿ ಮುಂದಿನ ಅಂಗಡಿಗೆ ನಡೆಯುವುದು ಒಳ್ಳೆಯದು.

ಬಸ್ಸಿನಲ್ಲಿ ಓದುತ್ತಿರುವವರು ಒಂದು ಕೆಲಸ ಮಾಡಿ. ಮನೆಯಲ್ಲಿ ಕೆಲಸ ಹುಡುಕುವ ಮಗ, ಮಗಳು, ತಮ್ಮ, ತಂಗಿ ಇದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ಕೊಟ್ಟು ಕೂರಿಸಿ, ಮಾಡಿದ್ದೆಲ್ಲ ಬರೆಸಿ. ಸಮಿತಿ ಅಧ್ಯಕ್ಷರ ಹತ್ತಿರ, ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಗಳ ಹತ್ತಿರ ಸಹಿ ಹಾಕಿದ ಪತ್ರವನ್ನು ಈಗಲೇ ಇಸಕೊಳ್ಳಲಿ. ಎರಡು ವರ್ಷ ಕಳೆದರೆ ಅಧ್ಯಕ್ಷರು ಬದಲಾಗಿರುತ್ತಾರೆ, ಅಧಿಕಾರಿಗಳಿಗೆ ವರ್ಗವಾಗಿರುತ್ತದೆ, ರಸೀದಿ ಪುಸ್ತಕ ರದ್ದಿಗೆ ಹೋಗಿರುತ್ತದೆ.